ಹೋರಿಗರುವಿನ ಜೋಡಿ ಹುಟ್ಟಿದ ಮಣಕ

ಮೂವತ್ತೆಂಟಕ್ಕೆ ನಿವೃತ್ತನಾದವನ ಮಾತನ್ನು ಯಾರು ಕೇಳುತ್ತಾರೆ? ಮುಂಡರಗಿಯಲ್ಲಿ ನನಗೆ ಶಾಲು ಹೊದಿಸಿದ ದಿನ ಮುಂದಿನ ಸಾಲಿನಲ್ಲಿ ಕೂತಿದ್ದ ಹಿರಿಯರೊಬ್ಬರು ಪಕ್ಕದವರಿಗೆ, "ಈ ಹುಡುಗಗ ಮದುವಿ ಏನ್ರಿ ಇವತ್ತು?" ಅಂತ ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದೆ. ಭಾಷಣ ಮಾಡು ಅಂದಾಗ ಅದೇ ಹಿರಿಯರ ಧ್ವನಿ ತೆಗೆದು ಅದೇ ಪ್ರಶ್ನೆ ಕೇಳಿದೆ. ಸಭೆ ನಕ್ಕಿತು. ನನ್ನ ಹೆಂಡತಿ ನಗಲಿಲ್ಲ. ಇನ್ನು ಮೇಲೆ ಇವನು ದಿನವೆಲ್ಲ ಮನೆಯಲ್ಲೇ ಇರುತ್ತಾನೆ ಅನ್ನುವುದು ಅವಳಿಗೆ ಆಗಲೇ ಅರ್ಥವಾಗಿತ್ತು.

ನಾನು ಈರಣ್ಣ. ದನಗಳಿಗೆ ಕೃತಕ ಗರ್ಭಧಾರಣೆ ಮಾಡುವವನು. ಊರವರ ಬಾಯಲ್ಲಿ 'ಸೂಜಿ ಹಾಕಾಂವ'. ಅದು ಸೂಜಿಯಲ್ಲ, ಉದ್ದನೆಯ ಕಡ್ಡಿ. ಆದರೆ ನಮ್ಮ ಕಡೆ ಔಷಧಕ್ಕೆ ಸಂಬಂಧಪಟ್ಟದ್ದೆಲ್ಲ ಸೂಜಿಯೇ. ಎಡಗೈಯನ್ನು ಭುಜದವರೆಗೆ ಆಕಳ ಹಿಂಬದಿಯಲ್ಲಿ ಇಳಿಸಿ, ಒಳಗಿನ ಗರ್ಭದ ಬಾಯಿಯನ್ನು ಹಿಡಿದುಕೊಂಡು, ಬಲಗೈಯಲ್ಲಿ ಕಡ್ಡಿ ತೂರಿಸಬೇಕು. ಆಕಳು ಒಮ್ಮೆ ಮುಕ್ಕಿರಿದರೆ ಕೈಮೂಳೆ ಹಿಂಡಿದಂತಾಗುತ್ತದೆ. ವರ್ಷಗಟ್ಟಲೆ ಹೀಗೆ ಹಿಂಡಿಸಿಕೊಂಡ ಎಡಹೆಗಲು ಒಂದು ದಿನ ಕೈಕೊಟ್ಟಿತು. ಅದರ ಮೇಲೆ, ದಿನ ತುಂಬದೆ ಕಂದು ಹಾಕಿದ ಆಕಳೊಂದರಿಂದ ಅಂಟಿದ ಜ್ವರ ಬೇರೆ. ಗದಗಿನ ಮೂಳೆ ಡಾಕ್ಟರು, "ಇನ್ನ ಕೈ ಮ್ಯಾಲೆತ್ತೂ ಕೆಲಸ ಬ್ಯಾಡ" ಅಂದರು. "ಎತ್ತೂದಿಲ್ರಿ ಸರ್, ಒಳಗ ಇಳಿಸೂದು" ಅಂದೆ. ಅವರೂ ನಗಲಿಲ್ಲ.

ಈಗ ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ಬೈಕಿನ ಹಿಂದೆ ವೀರ್ಯದ ಕಡ್ಡಿ ತಣ್ಣಗಿಡುವ, ಹೊಗೆಯಾಡುವ ಡಬ್ಬಿ ಕಟ್ಟಿಕೊಂಡು ನನ್ನ ಮನೆಗೆ ಬರುತ್ತಾರೆ. "ಅಣ್ಣಾ, ನಿಮ್ಮ ಅನುಭವ ಹೇಳ್ರಿ." ನನಗೆ ಬಡ್ತಿ ಅಂತ ಏನೂ ಸಿಗಲಿಲ್ಲ, ಹಾಗಾಗಿ ಅದನ್ನು ಹೇಳಿಕೊಂಡು ದೊಡ್ಡಸ್ತಿಕೆ ಮಾಡುವಂತಿಲ್ಲ. ಇದ್ದದ್ದನ್ನು ಬರೆಯುತ್ತೇನೆ.

ಮೊದಲನೆಯದು: ಯಜಮಾನತಿಯ ಧ್ವನಿ ಕಲಿಯಿರಿ. ಆಕಳು ನಿಮ್ಮನ್ನು ನಂಬುವುದಿಲ್ಲ. ಬೆಳಿಗ್ಗೆ ಹಿಂಡಿ ಇಡುವವಳನ್ನು ನಂಬುತ್ತದೆ. ಶಿರಹಟ್ಟಿಯಲ್ಲಿ ಒದೆಯುವ ಆಕಳೊಂದಿತ್ತು, ಮೂರು ಮಂದಿ ಹಿಡಿದರೂ ನಿಲ್ಲುತ್ತಿರಲಿಲ್ಲ. ಮನೆಯಾಕೆ ಬಾವಿಗೆ ಹೋಗಿದ್ದಳು. ನಾನು ಅವಳ ಹಾಗೆಯೇ ಮೂಗಿನಲ್ಲಿ, "ಸುಮ್ನಿರವ್ವಾ, ಸುಮ್ನಿರ ನನ್ನ ಬಂಗಾರಾ" ಅಂದೆ. ಆಕಳು ಕಲ್ಲಿನಂತೆ ನಿಂತಿತು. ಅಷ್ಟರಲ್ಲಿ ಒಳಗಿನಿಂದ ಗಂಡ ಓಡಿ ಬಂದು, "ಯಾವಾಗ ಬಂದೀ?" ಅಂತ ಹೆಂಡತಿಯನ್ನು ಹುಡುಕತೊಡಗಿದ. ಎರಡನೇ ಸಲ ಆ ಮನೆಗೆ ಹೋದಾಗ ಆತ ನನ್ನ ಮುಖ ನೋಡಲಿಲ್ಲ.

ನನಗೆ ಕೆಲಸ ಕಲಿಸಿದವರು ನದಾಫ್ ಡಾಕ್ಟರು. ನೇಕಾರರ ಊರು ಬೆಟಗೇರಿಯವರು. ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಅಂತ ಅವರಿಗೆ ಎಲ್ಲೆಲ್ಲಿ ವರ್ಗವಾಯಿತೋ ಅಲ್ಲೆಲ್ಲ ನಾನೂ ಬಾಲದಂತೆ ಹೋದೆ. ಮಾತು ನಿಧಾನ. ಒಂದು ವಾಕ್ಯ ಶುರು ಮಾಡಿದರೆ ಅದು ಮುಗಿಯುವಷ್ಟರಲ್ಲಿ ಎಮ್ಮೆ ಈಯುತ್ತದೆ ಅಂತ ನಾನು ಅವರ ಎದುರೇ ಅಣಕಿಸುತ್ತಿದ್ದೆ. ಅವರು ಪೂರ್ತಿ ಕೇಳಿ, "ಇನ್ನೂ... ಸ್ವಲ್ಪ... ನಿಧಾನ ಮಾತಾಡತೀನಿ ನಾ" ಅಂತ ತಿದ್ದುತ್ತಿದ್ದರು. ಅಂಥ ಮೇಲಧಿಕಾರಿ ನಿಮಗೂ ಸಿಗಲಿ.

ಲಕ್ಷ್ಮೇಶ್ವರದಲ್ಲಿ ಒಬ್ಬ ವಕೀಲರ ನಾಯಿಗೆ, ಅದು ಇನ್ನೂ ಮರಿ ಇದ್ದಾಗಲೇ, ಡಾಕ್ಟರು ಬೀಜ ತೆಗೆದಿದ್ದರು. ವರ್ಷ ಕಳೆದು ವಕೀಲರು ಕೆಂಡವಾಗಿ ಬಂದರು. "ಏನ್ರೀ ಆಪರೇಷನ್ ಮಾಡೀರಿ? ಕಾಲೆತ್ತಿ ನನ್ನ ಸ್ಕೂಟರಿಗೇ ಹೊಡೀತೈತಿ. ಬೀಜ ಇಲ್ಲಂದ ಮ್ಯಾಲೆ ಹೆಣ್ಣಿನಂಗ ಕುಂತು ಮಾಡಬೇಕಲ್ಲ! ಕೇಸ್ ಹಾಕ್ತೀನಿ ನೋಡ್ರಿ."

"ಹಾಕ್ರಿ ವಕೀಲ್ರ," ಅಂದರು ಡಾಕ್ಟರು, ತಮ್ಮ ನಿಧಾನದಲ್ಲಿ. "ಆದ್ರ ಯಾರ ಮ್ಯಾಲೆ ಹಾಕ್ತೀರಿ? ಕಾಲೆತ್ತೂದು ಬೀಜದಾಗಿಲ್ಲ, ಮಿದುಳಿನ್ಯಾಗೈತಿ. ಅದು ಹುಟ್ಟೂಕಿಂತ ಮೊದಲ, ತಾಯಿ ಹೊಟ್ಟ್ಯಾಗ ಇದ್ದಾಗ ಬರದು ಇಟ್ಟದ್ದು. ನಾ ತಗದದ್ದು ಆಮ್ಯಾಲೆ."

ವಕೀಲರು ಹೋದ ಮೇಲೆ ನನ್ನನ್ನು ಕೂರಿಸಿಕೊಂಡು ಬೆಟಗೇರಿಯ ಮಗ್ಗದ ಲೆಕ್ಕದಲ್ಲಿ ಬಿಡಿಸಿ ಹೇಳಿದರು. ಸೀರೆಯ ದಡಿ ಯಾವ ಬಣ್ಣ ಅನ್ನುವುದು ಮಗ್ಗಕ್ಕೆ ಹಾಸಿನ ಎಳೆ ಹೂಡುವಾಗಲೇ ತೀರ್ಮಾನವಾಗಿಬಿಡುತ್ತದೆ. ನೇಯ್ದು ಮುಗಿದ ಮೇಲೆ ಒಗೆಯಬಹುದು, ಹರಿಯಬಹುದು, ದಡಿ ಬದಲಿಸಲಾಗದು. ಹೊಟ್ಟೆಯಲ್ಲಿ ಮೊದಮೊದಲು ಎಲ್ಲ ಮರಿಗಳೂ ಒಂದೇ ಥರ ಇರುತ್ತವೆ. ಗಂಡಾಗುವ ಮರಿಯಲ್ಲಿ ಬೀಜ ಮೂಡಿ ಅದರಿಂದ ಹಾರ್ಮೋನು ರಕ್ತಕ್ಕೆ ಇಳಿಯುತ್ತದೆ. ಒಂದು ಹಾರ್ಮೋನು ಗಂಡಿನ ಅಂಗ ಬೆಳೆಸುತ್ತದೆ. ಇನ್ನೊಂದು ಗರ್ಭಚೀಲ ಬೆಳೆಯದಂತೆ ತಡೆಯುತ್ತದೆ. ಅದೇ ರಕ್ತ ಮಿದುಳಿಗೂ ಹೋಗುತ್ತದೆ. "ಹಾರ್ಮೋನು ಅಂದ್ರ ಬರೇ ಹುಕುಂ, ಈರಣ್ಣ. ಅದನ್ನ ಕೇಳಿ ನರದ ಎಳಿ ಎಲ್ಲಿ ಜೋಡಿಸಬೇಕು, ಎಲ್ಲಿ ಬಿಡಬೇಕು ಅಂತ ಕೆಲಸ ಮಾಡವು ಮಿದುಳಿನೊಳಗಿನ ಬ್ಯಾರೆ ರಾಸಾಯನಿಕ. ಕೆಲವು ಪ್ರಾಣಿಗೆ ಹುಟ್ಟೂಕಿಂತ ಮೊದಲ, ಕೆಲವಕ್ಕ ಹುಟ್ಟಿದ ಸ್ವಲ್ಪ ದಿನದಾಗ. ಆ ಹೊತ್ತು ದಾಟಿತು ಅಂದ್ರ ದಾಟಿತು."

ಹುಕುಂ ತಪ್ಪಿದರೆ? ಅದನ್ನೂ ಲಕ್ಷ್ಮೇಶ್ವರದಲ್ಲೇ ಕಂಡೆ. ಹಾಜರಾಬಿ ಅನ್ನುವ ಅಜ್ಜಿ ಕೋಡಿಲ್ಲದ ಒಂದು ಆಡು ತಂದಿದ್ದಳು. ಹೆಸರು ಮುನ್ನಿ. ಹುಟ್ಟಿದಾಗ ಹೆಣ್ಣು, ಬೆಳೆಯುತ್ತ ಹೋತದ ವಾಸನೆ, ಹೋತದ ಗಡ್ಡ. ಕೋಡಿಲ್ಲದ ಆಡುಗಳಲ್ಲಿ ಒಮ್ಮೊಮ್ಮೆ ಹೀಗಾಗುತ್ತದೆ. ನಾನು ಎದ್ದು ಮುನ್ನಿಯ ಹಾಗೆ ಸೊಂಟ ಬಳುಕಿಸಿ, ಹೋತದ ಹಾಗೆ ತುಟಿ ಮೇಲೆತ್ತಿ ನಾಲ್ಕು ಹೆಜ್ಜೆ ಹಾಕಿದೆ. ದವಾಖಾನೆ ಪೂರ್ತಿ ನಕ್ಕಿತು. ಡಾಕ್ಟರು ಮಾತ್ರ, "ಎಲ್ಲಾರ ಅಣಕ ಮಾಡು ಈರಣ್ಣ, ನಂದೂ ಮಾಡು. ಹುಟ್ಟಿದ ರೀತಿದು ಮಾಡಬ್ಯಾಡ. ಅದು ಯಾರೂ ಕೇಳಿ ತಗೊಂಡದ್ದಲ್ಲ" ಅಂದರು. ಹಾಜರಾಬಿ ಮುನ್ನಿಯ ಕಿವಿ ನೀವುತ್ತ, "ಹಾಲು ಕೊಡದಿದ್ರ ಬಿಡ್ಲಿ ಬೇಟಾ, ಕರದ್ರ ಓಡಿ ಬರತೈತಿ, ನನಗ ಸಾಕು" ಅಂತ ಎದ್ದು ಹೋದಳು.

ಕೆಲಸದ ರೀತಿಯೂ ಬಹಳ ಬದಲಾಯಿತು. ನಾನು ಸೇರಿದಾಗ ರೈತರು, "ಹೋರಿಗರ ಬೀಳೂವಂಗ ಹಾಕೋ ತಮ್ಮಾ" ಅನ್ನುತ್ತಿದ್ದರು. ಉಳುವುದಕ್ಕೆ ಎತ್ತು ಬೇಕಿತ್ತು. ಟ್ರ್ಯಾಕ್ಟರು ಬಂದ ಮೇಲೆ, "ಹೆಣ್ಣಗರಾನ ಬೀಳಬೇಕು ನೋಡು" ಅಂತ ತಿರುಗಿದರು. ಈಗ ಹೆಣ್ಣೇ ಬೀಳುವ ಹಾಗೆ ಬೇರ್ಪಡಿಸಿದ ವೀರ್ಯದ ಕಡ್ಡಿಯೇ ಬಂದಿದೆ. ದನದ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಪೇಢೆ ಹಂಚುತ್ತಾರೆ. ದನದ ಮನೆಯಲ್ಲಿ ಮಾತ್ರ.

ಇಷ್ಟೆಲ್ಲ ಹೇಳಿದ್ದು ಡಂಬಳದ ಗಿರಿಜವ್ವನ ವಿಷಯಕ್ಕೆ ಬರುವುದಕ್ಕೆ.

ಗಿರಿಜವ್ವ ಕೊರ್ಲಹಳ್ಳಿಯ ಹುಡುಗಿ, ಡಂಬಳಕ್ಕೆ ಸೊಸೆಯಾಗಿ ಬಂದವಳು. ಅವಳ ಜೊತೆ ತವರಿನಿಂದ ಒಂದು ಹೆಣ್ಣುಗರು ಬಂದಿತ್ತು. ನಮ್ಮ ಕಡೆ ಮಗಳ ಬೆನ್ನಿಗೆ ಆಕಳಗರು ಕೊಟ್ಟು ಕಳಿಸುವುದುಂಟು. ಹೊಳೆದಂಡೆಯ ಕರು ಅಂತ ಅದಕ್ಕೆ ತುಂಗಿ ಅಂತ ಹೆಸರಿಟ್ಟಿದ್ದಳು. ತುಂಗಿ ಬೆಳೆದು ಈಯುವ ವಯಸ್ಸಿನ ಎತ್ತರದ ಮಣಕವಾಯಿತು, ಆದರೆ ಬೆದೆಗೆ ಬರಲಿಲ್ಲ. ಗಿರಿಜವ್ವನಿಗೆ ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಲಿಲ್ಲ. ಅತ್ತೆ ನೀಲವ್ವ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದಳು.

"ನೋಡೋ ಈರಣ್ಣ, ಕೊರ್ಲಳ್ಳಿಂದ ಬಂದದ್ದು ಎರಡು. ಎರಡೂ ಮೈ ತುಂಬಿ ನಿಂತಾವ, ಒಂದೂ ಗಬ್ಬಿಲ್ಲ."

"ಒಂದು ನನ್ನ ಇಲಾಖೆ ಐತಿ ಯವ್ವಾ," ಅಂದೆ ನಾನು. "ಇನ್ನೊಂದು ನಿಮ್ಮ ಮಗಂದು."

ನೀಲವ್ವ ನಕ್ಕಳು. ಬಾಗಿಲ ಸಂದಿಯಲ್ಲಿ ಗಿರಿಜವ್ವನೂ ನಕ್ಕಳು. ಶರಣಪ್ಪ, ಅಂದರೆ ಅವಳ ಗಂಡ, ದನಕ್ಕೆ ಜೋಳದ ಕಣಿಕಿ ಕತ್ತರಿಸುತ್ತಿದ್ದವನು ಮುಖ ಎತ್ತಲಿಲ್ಲ.

ಎರಡು ಮೂರು ಸಲ ನೋಡಿ ನನಗೆ ಗುಮಾನಿ ಬಂದು ಡಾಕ್ಟರನ್ನು ಕರೆದುಕೊಂಡು ಹೋದೆ. ಅಂಗಳದಲ್ಲಿ ಎಲ್ಲರೂ ಇದ್ದರು. ಡಾಕ್ಟರು ಕೈ ಇಳಿಸಿ, ಕಣ್ಣು ಮುಚ್ಚಿಕೊಂಡು ಒಳಗೆಲ್ಲ ತಡಕಿ, ಹೊರಗೆ ತೆಗೆದು ಕೈ ತೊಳೆದುಕೊಳ್ಳುತ್ತ ಕೇಳಿದರು:

"ಇದು ಹುಟ್ಟಿದಾಗ ಜೋಡಿ ಇತ್ತೇನು? ಹೋರಿಗರದ ಜೋಡಿ?"

ಗಿರಿಜವ್ವನ ಮುಖ ಅರಳಿತು. ತವರಿನ ಮಾತು ಬಂತಲ್ಲ! "ಹೌದ್ರಿ! ನಿಮಗ್ಯಾರು ಹೇಳಿದ್ರಿ? ಹೋರಿಗರ ತವರಾಗೈತಿ. ಅಪ್ಪ ಬೇಕಂತ ಇದನ್ನ ಕೊಟ್ಟಾನ್ರಿ. ನಾನೂ ಜೋಡೀಲೆ ಹುಟ್ಟಿದಾಕಿ ಅಲ್ರಿ, ನಾನು, ನಮ್ಮಣ್ಣ ಮಲ್ಲೇಶ. ಜೋಡೀಲೆ ಹುಟ್ಟಿದ ಮಗಳಿಗೆ ಜೋಡೀಲೆ ಹುಟ್ಟಿದ ಕರಾನ ಚಲೋ ಅಂದ್ರಿ ನಮ್ಮಪ್ಪ."

ಡಾಕ್ಟರು ತಮ್ಮ ವಾಕ್ಯವನ್ನು ಆಗಲೇ ಶುರು ಮಾಡಿಬಿಟ್ಟಿದ್ದರು, ಮತ್ತು ಶುರು ಮಾಡಿದ್ದನ್ನು ನಡುವೆ ನಿಲ್ಲಿಸುವ ಅಭ್ಯಾಸ ಅವರಿಗಿರಲಿಲ್ಲ. "ಹಂಗಾರ ಇದು ಗಬ್ಬ ಆಗೂದಿಲ್ಲ. ಒಂದ ಹೊಟ್ಟ್ಯಾಗ ಹೋರಿನೂ ಮಣಕಾನೂ ಇದ್ದಾಗ ಎರಡರ ಮಾಸು ಕೂಡಿ ರಕ್ತ ಒಂದಾಗತೈತಿ. ಹೋರಿ ಹಾರ್ಮೋನು ಇದಕ್ಕ ಹರದು ಗರ್ಭಚೀಲ ಬೆಳೀಲಾರದಂಗ ಮಾಡೇತಿ. ಹೊರಗ ಆಕಳಾ, ಒಳಗ..." ಇಲ್ಲಿಗೆ ಬಂದಾಗ ಅವರಿಗೆ ಗಿರಿಜವ್ವನ ಮಾತು ಪೂರ್ತಿ ತಲುಪಿತು. ನಿಂತುಬಿಟ್ಟರು.

ನೀಲವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿ ಸೊಸೆಯನ್ನು ನೋಡಿದಳು. ಆ ಹುಡುಗಿ ಇನ್ನೂ ನಗುತ್ತಲೇ ಇದ್ದಳು. ತನಗೇನಾಯಿತು ಅಂತ ಅವಳಿಗೆ ತಿಳಿದಿರಲಿಲ್ಲ.

"ತಾಯಿ, ಇದು ದನದ ಮಾತು," ಅಂದರು ಡಾಕ್ಟರು, ಅವತ್ತು ಮೊದಲ ಸಲ ಅವಸರದಲ್ಲಿ. "ಮನುಷ್ಯಾರಾಗ ಹಿಂಗಾಗೂದಿಲ್ಲ. ಅವಳಿ ಇದ್ರೂ ಅವರವರ ರಕ್ತ ಅವರವರಿಗೆ."

"ದನದಾಗ ಖರೆ ಇದ್ದದ್ದು ಮಂದ್ಯಾಗ ಯಾಕ ಸುಳ್ಳ ಆಗತೈತ್ರಿ ಸಾಹೇಬ್ರ?" ಅಂದಳು ನೀಲವ್ವ. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು.

ಎರಡನೆಯದು, ಹುಡುಗರೇ: ಅಂಗಳದಲ್ಲಿ ದನದ ಬಗ್ಗೆ ಬಾಯಿ ತೆರೆಯುವ ಮೊದಲು ಅಲ್ಲಿ ಯಾರ್ಯಾರು ನಿಂತಿದ್ದಾರೆ ಅಂತ ನೋಡಿಕೊಳ್ಳಿ. ಇದನ್ನು ಯಾವ ತರಬೇತಿಯಲ್ಲೂ ಹೇಳಿಕೊಡುವುದಿಲ್ಲ.

ಮುಂದಿನ ವಾರದ ಹೊತ್ತಿಗೆ ಅದು ಹಿಟ್ಟಿನ ಗಿರಣಿಗೆ ಮುಟ್ಟಿತ್ತು. ನಾನು ಚಾ ಅಂಗಡಿಯಲ್ಲಿ ಕೂತಿದ್ದಾಗ, "ಅಣ್ಣನ ರಕ್ತ ಬೆರಕಿ ಆಗಿ ಹುಟ್ಟಿದಾಕಿಯಂತ, ಗೌರ್ಮೆಂಟ್ ಡಾಕ್ಟರ್ ಬಂದು ಹೇಳ್ಯಾರಂತ" ಅಂತ ಒಬ್ಬ ನನಗೇ ಸುದ್ದಿ ಹೇಳಿದ. ನಾನು ಎದ್ದು ಹೋಗಿ ಡಾಕ್ಟರನ್ನು ಮತ್ತೆ ಕರೆತಂದೆ. ಅವರು ಈ ಸಲ ಕಟ್ಟೆಯ ಮೇಲೆ ಕೂತು, ನೀಲವ್ವ ಕೊಟ್ಟ ನೀರು ಕುಡಿದು, ಮಗ್ಗ, ಹಾಸು, ದಡಿ ಎಲ್ಲ ಹೇಳಿದರು. ಕೊನೆಗೆ, ಎಲ್ಲಕ್ಕಿಂತ ಸರಳವಾದದ್ದನ್ನು ಹೇಳಿದರು.

"ತುಂಗಿ ಒಂದು ಸಲನೂ ಬೆದಿಗೆ ಬಂದಿಲ್ಲ, ನೀಲವ್ವ. ನಿನ್ನ ಸೊಸಿ ತಿಂಗಳಾ ಹೊರಗ ಕೂಡತಾಳಿಲ್ಲ? ಅಂದ ಮ್ಯಾಲೆ ಎರಡೂ ಒಂದ ಹೆಂಗಾದೀತು?"

ಇದಕ್ಕಿಂತ ದೊಡ್ಡ ಪುರಾವೆ ಬೇಕೆ? ಆದರೆ ಗಂಡಸರು ಕೇಳಬಾರದ ಮಾತನ್ನು ಒಬ್ಬ ಗಂಡಸು, ಮಗನ ಎದುರು, ಸೊಸೆಯ ಎದುರು ಕೇಳಿಬಿಟ್ಟಿದ್ದ. ನೀಲವ್ವ ಸೆರಗು ಎಳೆದುಕೊಂಡು ಎದ್ದಳು. ಗಿರಿಜವ್ವ ಒಳಗೆ ಓಡಿದಳು. ಪುರಾವೆ ಅಂಗಳದಲ್ಲಿ ಹಾಗೇ ಬಿದ್ದಿತ್ತು, ಯಾರೂ ಮುಟ್ಟಲಿಲ್ಲ.

ನಾವು ಹೊರಟಾಗ ನೀಲವ್ವ ಬಾಗಿಲವರೆಗೆ ಬಂದಳು. "ನಾ ಕೆಟ್ಟಾಕಿ ಅಂತ ತಿಳೀಬ್ಯಾಡ್ರಿ. ನನಗೂ ಬಾಳ ವರ್ಷ ಆಗಿದ್ದಿಲ್ಲ. ನಮ್ಮತ್ತಿ ದಿನಾ ಅನ್ನಾಕಿ. ಯಾಕ ಆಗವೊಲ್ಲದು ಅಂತ ಯಾರೂ ಹೇಳಲಿಲ್ರಿ ನನಗ. ನೀವು ಒಂದು ಕಾರಣ ಹೇಳೀರಿ. ಕೇಳಿದ ಮ್ಯಾಲೆ ಎದಿ ಹಗರಾಗೇತಿ. ಇನ್ನ ಅದನ್ನೂ ಕಸಗೋಬ್ಯಾಡ್ರಿ."

ನನಗೆ ಎಲ್ಲ ಧ್ವನಿಗಳೂ ಬರುತ್ತವೆ. ಆ ಮಾತನ್ನು ಮಾತ್ರ ಇವತ್ತಿಗೂ ಯಾರ ಎದುರೂ ಅಣಕಿಸಿಲ್ಲ.

ಶರಣಪ್ಪ ಒಂದು ದಿನ ಮುಂಡರಗಿಯ ದವಾಖಾನೆಗೆ ಒಬ್ಬನೇ ಬಂದ. ದನ ಇರಲಿಲ್ಲ. ಎಲ್ಲರೂ ಹೋಗುವವರೆಗೆ ಬೇವಿನ ಮರದ ಕೆಳಗೆ ನಿಂತಿದ್ದು ಆಮೇಲೆ ಒಳಗೆ ಬಂದ.

"ಈರಣ್ಣ, ಹೋರಿದು ನೋಡೂ ದುರ್ಬೀನು ಐತಲ್ಲ ನಿಮ್ಮಲ್ಲಿ. ಅದರಾಗ... ನಂದೂ ಒಂದು ನೋಡಾಕ ಬರತೈತೇನು?"

ನನ್ನ ನಾಲಿಗೆ ಸುಮ್ಮನಿರುವ ಜಾತಿಯದಲ್ಲ. "ಹೋರಿಗಾದ್ರ ಕಿವ್ಯಾಗ ನಂಬರ್ ಹಾಕತೀವಿ ಶರಣಪ್ಪ..." ಅಂತ ಶುರು ಮಾಡಿದವನು ಅವನ ಮುಖ ನೋಡಿ ನಿಲ್ಲಿಸಿದೆ. ಡಾಕ್ಟರು ಅವನನ್ನು ಒಳಗೆ ಕರೆದು, ಕುರ್ಚಿ ಕೊಟ್ಟು, "ಇದು ಇಲ್ಲಿ ನೋಡೂದಲ್ಲಪಾ. ಗದಗಿಗೆ ಹೋಗ್ರಿ. ಇಬ್ಬರೂ ಕೂಡಿ ಹೋಗ್ರಿ. ನಾಚಿಕಿ ಪಡೂ ಮಾತಲ್ಲ" ಅಂತ ಯಾರನ್ನು ಕಾಣಬೇಕು ಅನ್ನುವುದನ್ನೂ ಹೇಳಿದರು. ಅವನು ಎಲ್ಲದಕ್ಕೂ ತಲೆಯಾಡಿಸಿದ. ಹೋಗಲಿಲ್ಲ.

ಸುಗ್ಗಿ ಮುಗಿದ ಮೇಲೆ ಗಿರಿಜವ್ವನನ್ನೂ ತುಂಗಿಯನ್ನೂ ಒಂದೇ ಟೆಂಪೋದಲ್ಲಿ ಕೊರ್ಲಹಳ್ಳಿಗೆ ಕಳಿಸಿದರು. ಮುಂದೆ ಡ್ರೈವರನ ಪಕ್ಕ ಅವಳು, ಹಿಂದೆ ಮಣಕ. "ನಾಲ್ಕು ದಿನ ಇದ್ದು ಬಾ" ಅಂದರಂತೆ. ಕರೆಯಲು ಯಾರೂ ಹೋಗಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಅವಳ ಅಪ್ಪ ಫಕ್ಕೀರಪ್ಪನ ಫೋನು ಬಂತು: ಮಣಕ ಮೇಯುತ್ತಿಲ್ಲ, ಬಂದು ನೋಡು. ಹೋದೆ. ತುಂಗಿ ಗೋದಲಿ ಬಿಡದೆ ಮೇಯುತ್ತಿತ್ತು. ಮೇಯದೆ ಬಿಟ್ಟವನು ಬೇರೆ.

"ನನ್ನ ಮಗ ಮಾತು ಬಿಟ್ಟಾನಪಾ," ಅಂದ ಫಕ್ಕೀರಪ್ಪ. "ತಂಗಿ ಮನಿಗೆ ಬಂದ ದಿನದಿಂದ ಆಕಿ ಜೋಡಿ ಉಣ್ಣಾಕ ಕುಂಡ್ರವೊಲ್ಲ. ಗೊತ್ತು ಮಾಡಿದ ಹೆಣ್ಣನ್ನೂ ಬ್ಯಾಡ ಅಂದ. ಯಾಕ ಅಂದ್ರ ಬಾಯಿ ಬಿಡವೊಲ್ಲ. ನೀ ನಗಸಾಂವ, ನೀನರ ಮಾತಾಡಸು."

ಮಲ್ಲೇಶ ಹೊಳೆಯ ಕಡೆಯ ಹೊಲದಲ್ಲಿ ಕೂತಿದ್ದ. ಗಿರಿಜವ್ವನದೇ ಮುಖ, ಮೀಸೆ ಅಂಟಿಸಿದಂತೆ. ನಾನು ಅವನಪ್ಪನ ಧ್ವನಿ ತೆಗೆದೆ, ಅವನೂರ ಚೇರ್ಮನ್ನರ ಧ್ವನಿ ತೆಗೆದೆ, ನದಾಫ್ ಡಾಕ್ಟರ ಧ್ವನಿಯನ್ನೂ ತೆಗೆದೆ. ಇದು ನದಾಫ್ ಡಾಕ್ಟರದು ಅಂದಾಗ ತಿರುಗಿ ನೋಡಿದ.

"ಒಂದು ಕೇಳತೀನ್ರಿ. ನಾವು ಹೊಟ್ಟ್ಯಾಗ ಇದ್ದಾಗ... ನನ್ನ ಮೈಯಿಂದ ಹರದು ಆಕಿಗೆ ಹೋಗಿತ್ತಲ್ರಿ?"

"ಯಾರು ಹೇಳಿದ್ರು?"

"ಎಲ್ಲಾರೂ." ಸ್ವಲ್ಪ ಹೊತ್ತು ನೆಲ ಕೆದರಿದ. "ನನಗ ಗೊತ್ತಿದ್ದಿಲ್ರಿ ಆವಾಗ. ಗೊತ್ತಿದ್ರ ಹೆಂಗರ ಮಾಡಿ ಸರದು ಮಲಗತಿದ್ದೆ."

ನಾನು ಈ ವಯಸ್ಸಿಗೆ ಬಹಳ ಕರುಗಳು ಸತ್ತದ್ದು ನೋಡಿದ್ದೇನೆ, ಹೊಟ್ಟೆಯಲ್ಲೇ ಸತ್ತವನ್ನು ತುಂಡು ಮಾಡಿ ಎಳೆದಿದ್ದೇನೆ. ಕಣ್ಣಲ್ಲಿ ನೀರು ಬಂದದ್ದು ಆ ಮಾತಿಗೆ. ಮುಖ ಆ ಕಡೆ ತಿರುಗಿಸಿ ಡಾಕ್ಟರಿಗೆ ಫೋನು ಹಚ್ಚಿ, ಸ್ಪೀಕರು ಹಾಕಿದೆ.

"ಮಲ್ಲೇಶಪ್ಪ," ಅಂದರು ಡಾಕ್ಟರು ಪೂರ್ತಿ ಕೇಳಿಕೊಂಡು, "ದನದಾಗ ಎರಡು ಮಾಸಿನ ರಕ್ತನಾಳ ಒಂದಕ್ಕೊಂದು ಕೂಡತಾವ. ನಿಮ್ಮಂಥ ಅಣ್ಣ-ತಂಗಿ ಅವಳಿಯೊಳಗ ಹಂಗ ಕೂಡೂದಿಲ್ಲ. ನೀ ನಿನ್ನ ಮನ್ಯಾಗಿದ್ದಿ, ಆಕಿ ಆಕಿ ಮನ್ಯಾಗಿದ್ದಳು. ನಡುವ ಗ್ವಾಡಿ ಇತ್ತು."

"ಖರೆ ರೀ?"

"ಖರೆ. ಆದ್ರ ನಾ ದನದ ಡಾಕ್ಟರ್. ನನ್ನ ಬಾಯಿಂದ ಒಮ್ಮೆ ಹೊಂಟ ಮಾತು ಏನು ಮಾಡ್ತು ನೋಡೀನಿ. ಗದಗಿಗೆ ಕರಕೊಂಡು ಹೋಗು. ಹೆಣ್ಣಮಕ್ಕಳ ಡಾಕ್ಟರು ನೋಡಿ ಹೇಳಲಿ, ನೀನೂ ಕೇಳು, ಆಕಿನೂ ಕೇಳಲಿ."

ನನಗೂ ಹೆಗಲು ತೋರಿಸಲು ಗದಗಿಗೆ ಹೋಗುವುದಿತ್ತು. ಮೂವರೂ ಒಂದೇ ಬಸ್ಸಿನಲ್ಲಿ ಹೋದೆವು. ಮೊದಲ ಸಲ ತಪಾಸಣೆ, ರಕ್ತ, ಸ್ಕ್ಯಾನು. ಮುಂದಿನ ವಾರ ಬಂದು ಕೇಳಿ ಅಂದರು. ಆ ಮುಂದಿನ ವಾರ ಹೋಗುವಾಗ ಡಂಬಳ ದಾಟಿದ ಮೇಲೆ ಗಿರಿಜವ್ವ ನನ್ನ ಕಡೆ ತಿರುಗಿ, "ಅಣ್ಣಾರ, ನಮ್ಮತ್ತಿ ದನಿ ತಗೀರಿ ನೋಡೋಣು" ಅಂದಳು.

"ಯಾಕವ್ವ, ಕಿವಿಗೆ ಹಿತ ಇಲ್ಲೇನು?"

"ತಗೀರಿ ಅಂದ್ರ."

ನಾನು ನೀಲವ್ವನಂತೆ ಗಂಟಲು ಒಣಗಿಸಿಕೊಂಡು, "ಏ ಗಿರಿಜಾ, ಚಾ ಇಟ್ಟೀಯೇನ?" ಅಂದೆ. ಅವಳು, "ಇಟ್ಟೇರಿ" ಅಂತ ಅರ್ಧ ಎದ್ದೇಬಿಟ್ಟಳು. ಆಮೇಲೆ ನಕ್ಕಳು. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡು, "ದೋಷ ಇಲ್ಲ ಅಂದ್ರ ಇವತ್ತ ಬರೂವಾಗ ಅಲ್ಲೇ ಇಳದುಬಿಡತೀನ್ರಿ" ಅಂದಳು. ಚೀಲದಲ್ಲಿ ನಾಲ್ಕು ಸೀರೆ ತುಂಬಿಕೊಂಡು ಬಂದಿದ್ದು ಆಗ ಕಂಡಿತು. ಮಲ್ಲೇಶ ಕಿಟಕಿಯ ಹೊರಗೆ ನೋಡುತ್ತಿದ್ದ.

ಡಾಕ್ಟರಮ್ಮ ಮೂವರನ್ನೂ ಒಳಗೆ ಕರೆದರು. ನನ್ನನ್ನು ಚಿಕ್ಕಪ್ಪ ಅಂದುಕೊಂಡಿದ್ದರು, ತಿದ್ದಲಿಲ್ಲ. "ಗರ್ಭಕೋಶ, ಅಂಡಾಶಯ ಎಲ್ಲಾ ಸರಿಯಾಗಿ ಬೆಳದಾವ. ಅವಳಿಯಾಗಿ ಹುಟ್ಟಿದ್ದಕ್ಕೂ ಇದಕ್ಕೂ ಸಂಬಂಧ ಇಲ್ಲ. ಯಾರು ತಲ್ಯಾಗ ತುಂಬಿದರು ಇದನ್ನ? ಗಂಡನ್ನ ಕರಕೊಂಡು ಬಾ, ಅವರದೂ ನೋಡೋಣ. ಉಪಚಾರ ಅದಾವ."

ಮಲ್ಲೇಶ ಎರಡು ಸಲ ಕೇಳಿದ. ಡಾಕ್ಟರಮ್ಮ ಎರಡು ಸಲವೂ ಹೇಳಿದರು. ಮೆಟ್ಟಿಲು ಇಳಿಯುವಾಗ ತಂಗಿಯ ಚೀಲ ತಾನೇ ಹಿಡಿದುಕೊಂಡ.

ಬಸ್ ಸ್ಟ್ಯಾಂಡಿನಲ್ಲಿ ಕೂತು ಗಿರಿಜವ್ವ ಅಣ್ಣನ ಫೋನಿನಿಂದ ಗಂಡನಿಗೆ ಹಚ್ಚಿದಳು. ಗದ್ದಲಕ್ಕೆ ಕೇಳದೆಂದು ಸ್ಪೀಕರು ಹಾಕಿದಳು. ಸಂತೋಷದಲ್ಲಿ ಯಾರು ಕೇಳಿದರೂ ಅವಳಿಗೆ ಅಡ್ಡಿಯಿರಲಿಲ್ಲ.

"ಏನೂ ದೋಷ ಇಲ್ಲಂತ್ರಿ! ಜೋಡಿ ಹುಟ್ಟಿದ್ದಕ್ಕ ಏನೂ ಆಗಿಲ್ಲಂತ. ಡಾಕ್ಟರು ಬಾಯಿಬಿಟ್ಟ ಹೇಳಿದರು. ನಾ ಇವತ್ತ ಬರತೀನಿ."

ಆ ಕಡೆ ಒಂದು ಕೋಳಿ ಕೂಗಿದ್ದು ಕೇಳಿತು.

"ಬಾ," ಅಂದ ಶರಣಪ್ಪ. "ಆದ್ರ ಇದನ್ನ ಅವ್ವನ ಮುಂದ ಹೇಳಬ್ಯಾಡ."

"ಯಾಕ್ರಿ?"

"ಆಕಿಗೆ ಈಗ ಒಂದು ಸಮಾಧಾನ ಆಗೇತಿ. ನಿಂದಲ್ಲ ಅಂದ್ರ ಮುಂದ ಯಾರದು ಅಂತ ಕೇಳತಾಳ."

"ನೀವೂ ಒಮ್ಮೆ ತೋರಸ್ರಿ. ಉಪಚಾರ ಅದಾವಂತ."

"ಊರ ಮಂದಿ ಏನಂತಾರ? ಹೆಂಗೂ ನಿನಗ ಅಂದು ಅಂದು ರೂಢಿ ಆಗೇತಿ. ಒಂದು ಎರಡು ವರ್ಷ ಅನಿಸ್ಕೊಂಡ್ರ ತಾನ ಮರೀತಾರ. ನಾ ನಿನ್ನ ಚಲೋ ನೋಡಿಕೋತೀನಿ, ಗಿರಿಜಾ. ಆಣಿ ಮಾಡತೀನಿ."

ಅವನು ಸುಳ್ಳು ಹೇಳುತ್ತಿರಲಿಲ್ಲ. ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದ. ನಾನು ಎಷ್ಟು ಸಲ ಯೋಚಿಸಿದರೂ ಆ ಮನೆಯಲ್ಲಿ ಕೆಟ್ಟವರು ಯಾರೂ ನನಗೆ ಸಿಕ್ಕಿಲ್ಲ.

ಗಿರಿಜವ್ವ ಫೋನನ್ನು ಅಣ್ಣನ ಕೈಗೆ ಕೊಟ್ಟಳು. ನಾನು ಚಾ ತಂದೆ, ಅದು ಆರಿತು.

ಹಡಗಲಿ ಬಸ್ಸು ಬಂತು. ಅದು ಡಂಬಳದ ಮೇಲೆ ಮುಂಡರಗಿಗೆ ಬಂದು ಕೊರ್ಲಹಳ್ಳಿಯ ಸೇತುವೆ ದಾಟುತ್ತದೆ. ಗಂಡನ ಮನೆಗೂ ತವರಿಗೂ ಅದೊಂದೇ. ಹೆಣ್ಣುಮಕ್ಕಳಿಗೆ ಟಿಕೀಟು ಪುಕ್ಕಟೆ, ಆದರೆ ಎಲ್ಲಿಗೆ ಅಂತ ಹೇಳಲೇಬೇಕು.

"ಎಲ್ಲಿಗವ್ವಾ?" ಅಂದ ಕಂಡಕ್ಟರು.

"ಡಂಬಳ," ಅಂದಳು ಗಿರಿಜವ್ವ, ಆಧಾರ್ ಕಾರ್ಡು ತೋರಿಸುತ್ತ. ಮಲ್ಲೇಶ ಕೊರ್ಲಹಳ್ಳಿಗೆ ತೆಗೆದುಕೊಂಡ. ನಾನು ಮುಂಡರಗಿಗೆ. ಅವಳು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದಳು. ಇಳಿಯುವವರು ಹಿಡಿಯುವ ಹಾಗೆ.

ಡಂಬಳದಲ್ಲಿ ಬಸ್ಸು ನಿಂತಿತು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು. ಗಿರಿಜವ್ವ ಮುಂದಿನ ಸೀಟಿನ ಕಂಬಿಯನ್ನು ನೋಡುತ್ತ ಕೂತಿದ್ದಳು.

"ಯವ್ವಾ, ಡಂಬಳ ಬಂತು. ನಿಂದು ಇಲ್ಲೀತನಕ ಐತಿ."

ಅವಳು ಅಲ್ಲಾಡಲಿಲ್ಲ. ಕಂಡಕ್ಟರು ಹತ್ತಿರ ಬಂದು ಮಲ್ಲೇಶನನ್ನು ನೋಡಿದ, ಮತ್ತೆ ಅವಳನ್ನು ನೋಡಿದ.

"ಇಳೀತೀಯೋ ಇಲ್ಲೋ, ಜಲ್ದಿ ಹೇಳವ್ವಾ. ಇಬ್ಬರೂ ಕೂಡಿ ಅದೀರೇನು?"

"ಹೌದ್ರಿ," ಅಂದಳು ಗಿರಿಜವ್ವ. ಬಸ್ಸಿನಲ್ಲಿದ್ದವರೆಲ್ಲ ಕೇಳುವಷ್ಟು ಗಟ್ಟಿಯಾಗಿ. "ಕೂಡೇ ಹುಟ್ಟೀವಿ. ಕೊರ್ಲಳ್ಳಿದು ಕೊಡ್ರಿ."